26,000 ಮನೆ, ಒಂದೇ ತರದ ಬೇಲಿ

ಓದುಗರ ಟಪಾಲು: ಮುನಿರಾಬಾದಿನ ಟೀಚರಮ್ಮನ ಉತ್ತರಗಳು

ಹೋದ ತಿಂಗಳು ಮಗಳ ಬಾಣಂತನದ ಕಥೆ ಬರೆಯುವಾಗ ಅವಳ ಮನೆ ಇರುವ ಬೆಕಂಟ್ರಿ ಎಂಬ ಜಾಗದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಲಂಡನ್ನಿನ ಪೂರ್ವಕ್ಕೆ, ಡಾಗೆನ್‌ಹ್ಯಾಮ್ ಕಡೆ, ಸರ್ಕಾರದ ದುಡ್ಡಿನಲ್ಲಿ ಕಟ್ಟಿದ ದೊಡ್ಡ ಕಾಲೊನಿ ಅದು. ನಾನು ಒಂದು ಪುಟ ಬರೆದದ್ದು ಅಂಟಿನುಂಡೆಯ ಬಗ್ಗೆ. ಬಂದ ಕಾಗದಗಳೆಲ್ಲ ಆ ನಾಲ್ಕು ಸಾಲಿನ ಬಗ್ಗೆ. ಆಯ್ತು, ಈ ಸಲ ಅಂಕಣ ಪೂರ್ತಿ ಅದಕ್ಕೇ.

ನನ್ನ ಮಗನೂ ಡಾಗೆನ್‌ಹ್ಯಾಮ್‌ನಲ್ಲೇ ಮನೆ ಹಿಡಿದಿದ್ದಾನೆ. "ಎಸ್ಟೇಟ್‌ನಲ್ಲಿ ಮನೆ" ಅಂದ. ನಾನು ಕೊಡಗಿನ ಕಾಫಿ ಎಸ್ಟೇಟ್ ತರ ಅಂದುಕೊಂಡು ಬೀಗರ ಮುಂದೆಲ್ಲ ಹೇಳಿಬಿಟ್ಟೆ. ಈಗ ನೋಡಿದರೆ ಅವನ ಆಫೀಸಿನವರು "ಕೌನ್ಸಿಲ್ ಎಸ್ಟೇಟಾ?" ಅಂತ ಮೂಗು ಮುರಿದರಂತೆ. ಅದು ಕೆಟ್ಟ ಜಾಗವಾ? (ಒಬ್ಬ ತಾಯಿ, ಸಿರುಗುಪ್ಪ)

ಅಕ್ಕಾ, ಬೀಗರ ಮುಂದೆ ಹೇಳಿದ್ದನ್ನು ವಾಪಸ್ ತಗೋಬೇಡಿ. ತೋಟ ಇದ್ದೇ ಇರುತ್ತದೆ. ಮನೆ ಮುಂದೆ ಎರಡು ಚಾಪೆ ಹಾಸುವಷ್ಟು, ಹಿಂದೆ ಅದಕ್ಕಿಂತ ಜಾಸ್ತಿ. ಕಾಫಿ ಮಾತ್ರ ಅಂಗಡಿಯಿಂದ ತರಬೇಕು.

ಒಂದೇ ನಕ್ಷೆ ಹಾಕಿ ಒಟ್ಟಿಗೆ ಕಟ್ಟಿದ ಮನೆಗಳ ಗುಂಪಿಗೆ ಅಲ್ಲಿ ಎಸ್ಟೇಟ್ ಅನ್ನುತ್ತಾರೆ. ನಾವು ಕಾಲೊನಿ ಅನ್ನುವುದಿಲ್ವಾ, ಅದೇ. ಬಿಲ್ಡರ್ ಕಟ್ಟಿ ಮಾರಿದರೂ ಎಸ್ಟೇಟ್, ಅಲ್ಲಿಯ ನಗರಸಭೆ ಕಟ್ಟಿ ಬಾಡಿಗೆಗೆ ಕೊಟ್ಟರೂ ಎಸ್ಟೇಟ್. ಆ ನಗರಸಭೆಗೆ ಕೌನ್ಸಿಲ್ ಅಂತ ಹೆಸರು. ಅಷ್ಟೇ ಗುಟ್ಟು.

ಮೂಗು ಮುರಿಯುವವರ ತಲೆಯಲ್ಲಿ ಇರುವುದು 1960ರ ದಶಕದ ಕಾಂಕ್ರೀಟ್ ಗೋಪುರಗಳು. 1968ರ ಮೇ 16ರಂದು ಪೂರ್ವ ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಕಟ್ಟಡದಲ್ಲಿ ಗ್ಯಾಸ್ ಸ್ಫೋಟವಾಗಿ ಒಂದು ಮೂಲೆ ಮೇಲಿಂದ ಕೆಳಗಿನ ತನಕ ಕುಸಿಯಿತು. ನಾಲ್ಕು ಜನ ಸತ್ತರು. ಜನ ವಾಸಕ್ಕೆ ಬಂದು ಎರಡು ತಿಂಗಳಾಗಿತ್ತಷ್ಟೆ. ಆಮೇಲೆ ಕೌನ್ಸಿಲ್ ಕಟ್ಟಿದ್ದು ಅಂದರೆ ಜನರಿಗೆ ಒಂದು ಹೆದರಿಕೆ, ಒಂದು ತಾತ್ಸಾರ ಅಂಟಿಕೊಂಡಿತು.

ಬೆಕಂಟ್ರಿ ಆ ಜಾತಿಯದಲ್ಲ. ಗೋಪುರಗಳಿಗಿಂತ ಒಂದು ತಲೆಮಾರು ಹಳೆಯದು. ಎರಡಂತಸ್ತಿನ ಸಣ್ಣ ಮನೆಗಳು, ನಾಲ್ಕೋ ಆರೋ ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿವೆ. ಕೆಲವು ಬರೀ ಇಟ್ಟಿಗೆಯವು. ಕೆಲವಕ್ಕೆ ಗಾರೆ ಬಳಿದು ಮೇಲೆ ಸಣ್ಣ ಕಲ್ಲು ಅಂಟಿಸಿದ್ದಾರೆ. ಹೆಂಚಿನ ಇಳಿಜಾರು ಸೂರು. ಮುಂದೆ ಸೊಂಟದೆತ್ತರಕ್ಕೆ ಪ್ರಿವೆಟ್ ಎಂಬ ಗಿಡದ ಬೇಲಿ. ನಮ್ಮ ಕಡೆ ಗೋರಂಟಿ ಬೇಲಿ ಹಾಕುತ್ತಾರಲ್ಲ, ಹೆಚ್ಚುಕಡಿಮೆ ಹಾಗೇ, ಸಣ್ಣ ಎಲೆ, ಕತ್ತರಿಸಿದಷ್ಟೂ ಚಿಗುರುತ್ತದೆ.

ಅಲ್ಲಲ್ಲಿ ರಸ್ತೆಯಿಂದ ಒಂದು ಓಣಿ ಒಳಗೆ ಹೋಗಿ ದುಂಡಗೆ ಮುಗಿದುಬಿಡುತ್ತದೆ. ಬ್ಯಾಂಜೊ ವಾದ್ಯದ ಹಾಗೆ ಕಾಣುತ್ತದೆ ಅಂತ ಅಲ್ಲಿಯವರು ಅದಕ್ಕೆ ಬ್ಯಾಂಜೊ ಅನ್ನುತ್ತಾರೆ. ನನಗೆ ಸೌಟಿನ ಹಾಗೆ ಕಂಡಿತು. ಮೊಮ್ಮಗನನ್ನು ಮಲಗಿಸಲು ಗಾಡಿಯಲ್ಲಿ ಹಾಕಿ ತಳ್ಳಿಕೊಂಡು ಹೊರಟರೆ ದಿನಾ ಒಂದಲ್ಲ ಒಂದು ಸೌಟಿನೊಳಗೆ ಹೊಕ್ಕು ದಾರಿ ತಪ್ಪುತ್ತಿದ್ದೆ. ಮಗು ಮಲಗಿರುತ್ತಿತ್ತು, ನನಗೆ ಮಾತ್ರ ಮನೆ ಸಿಗುತ್ತಿರಲಿಲ್ಲ.

ಕೆಟ್ಟ ಜಾಗವಾ ಅಂದಿರಿ. ರಾತ್ರಿ ಒಬ್ಬನೇ ಕಿವಿಯಲ್ಲಿ ಹಾಡು ಹಾಕಿಕೊಂಡು ತಿರುಗಬೇಡ ಅಂತ ಹೇಳಿ. ಅದನ್ನು ನಾನು ಬಳ್ಳಾರಿಯಲ್ಲಿ ಓದುತ್ತಿರುವ ತಮ್ಮನ ಮಗನಿಗೂ ಹೇಳುತ್ತೇನೆ.

ಟೀಚರ್, ಇಂಗ್ಲೆಂಡಿನ ಸರ್ಕಾರಕ್ಕೆ ಸಾವಿರಾರು ಮನೆ ಕಟ್ಟಿಸುವ ದರ್ದು ಏನಿತ್ತು? ನಮ್ಮ ಪಠ್ಯದಲ್ಲಿ ಬಂಡವಾಳಶಾಹಿ ದೇಶ ಅಂತ ಇದೆ. (ಬಿ.ಎ. ವಿದ್ಯಾರ್ಥಿ, ಕೊಪ್ಪಳ)

ತಮ್ಮಾ, ದರ್ದು ಅನ್ನುವ ಪದ ಸರಿಯಾಗಿ ಹಾಕಿದ್ದೀಯ.

1918ರ ನವೆಂಬರಿನಲ್ಲಿ ಮೊದಲನೇ ಮಹಾಯುದ್ಧ ಮುಗಿಯಿತು. ಲಕ್ಷಾಂತರ ಸೈನಿಕರು ಮನೆಗೆ ವಾಪಸ್ ಬರಬೇಕು. ಆದರೆ ಯಾವ ಮನೆಗೆ? ಲಂಡನ್ನಿನ ಪೂರ್ವ ಭಾಗದ ಗಲ್ಲಿಗಳಲ್ಲಿ ಒಂದು ಸಂಸಾರಕ್ಕೆ ಒಂದೋ ಎರಡೋ ಕೋಣೆ, ಹತ್ತಾರು ಜನಕ್ಕೆ ಅಂಗಳದಲ್ಲಿ ಒಂದು ಪಾಯಿಖಾನೆ, ಒಂದು ನಲ್ಲಿ. ಯುದ್ಧದ ನಾಲ್ಕು ವರ್ಷ ಹೊಸ ಮನೆ ಹೆಚ್ಚುಕಡಿಮೆ ಕಟ್ಟಿರಲೇ ಇಲ್ಲ. ಪ್ರಧಾನಿ ಲಾಯ್ಡ್ ಜಾರ್ಜ್ ಯುದ್ಧ ಮುಗಿದ ಎರಡೇ ವಾರಕ್ಕೆ, ವೀರರು ಬದುಕಲು ತಕ್ಕ ದೇಶ ಮಾಡುತ್ತೇವೆ ಅಂತ ಭಾಷಣ ಮಾಡಿದರು. ಅದೇ ಮಾತು ಜನರ ಬಾಯಲ್ಲಿ ವೀರರಿಗೆ ತಕ್ಕ ಮನೆ ಅಂತಾಯಿತು. ಚುನಾವಣೆ ಹತ್ತಿರವಿತ್ತು ಅನ್ನುವುದನ್ನೂ ಬರೆದುಕೋ.

ಇನ್ನೊಂದು ಕಾರಣ ಹೆದರಿಕೆ. 1917ರಲ್ಲಿ ರಷ್ಯಾದಲ್ಲಿ ಕ್ರಾಂತಿ ಆಗಿತ್ತು. ಬಂದೂಕು ಹಿಡಿದು ಪಳಗಿದ ಗಂಡಸರು ಕೆಲಸ ಇಲ್ಲದೆ, ಮನೆ ಇಲ್ಲದೆ ಬೀದಿಯಲ್ಲಿ ನಿಂತರೆ ಏನಾಗಬಹುದು ಅಂತ ಇಂಗ್ಲೆಂಡಿನ ದೊಡ್ಡವರಿಗೆ ನಿದ್ದೆ ಬರುತ್ತಿರಲಿಲ್ಲ. ಮನೆಗೆ ಹಾಕುವ ದುಡ್ಡು ಕ್ರಾಂತಿ ಬಾರದಂತೆ ಕಟ್ಟುವ ವಿಮೆ ಎಂಬ ಮಾತು ಸರ್ಕಾರದವರ ಬಾಯಿಂದಲೇ ಬಂತು. ಹಾಗಾಗಿ ನಿನ್ನ ಪಠ್ಯಪುಸ್ತಕ ಸುಳ್ಳು ಹೇಳುತ್ತಿಲ್ಲ. ಬಂಡವಾಳದವರೇ ಹೆದರಿ ಕಟ್ಟಿಸಿದ್ದು.

1919ರಲ್ಲಿ ಕಾನೂನು ಬಂತು. ಅದನ್ನು ತಂದ ಸಚಿವ ಕ್ರಿಸ್ಟೋಫರ್ ಅಡಿಸನ್, ಮೂಲತಃ ಡಾಕ್ಟರ್. ಊರೂರಿನ ಕೌನ್ಸಿಲ್‌ಗಳು ಮನೆ ಕಟ್ಟಲೇಬೇಕು, ನಷ್ಟದ ಬಹುಪಾಲು ಖಜಾನೆ ತುಂಬುತ್ತದೆ ಅಂತ ಅದರ ತಿರುಳು. ಮನೆ ಹೇಗಿರಬೇಕು ಅನ್ನುವುದನ್ನು ಅದಕ್ಕೂ ಒಂದು ವರ್ಷ ಮೊದಲೇ ಟ್ಯೂಡರ್ ವಾಲ್ಟರ್ಸ್ ಸಮಿತಿ ಬರೆದಿಟ್ಟಿತ್ತು. ಪಟ್ಟಣದ ಅಂಚಿನಲ್ಲಿ ಎಕರೆಗೆ 12 ಮನೆಗಿಂತ ಹೆಚ್ಚು ಬೇಡ. ಪ್ರತಿ ಮನೆಗೆ ಸ್ನಾನದ ತೊಟ್ಟಿ. ಕೋಣೆಗಳಿಗೆ ಬಿಸಿಲು ಬರಬೇಕು. ಚಳಿಯ ದೇಶದಲ್ಲಿ ಬಿಸಿಲನ್ನೂ ಅಳೆದು ಹಂಚಿದರು ನೋಡು. ನಮ್ಮಲ್ಲಿ ಏಪ್ರಿಲ್ ತಿಂಗಳಲ್ಲಿ ಯಾರಾದರೂ ಬಂದು ತಗೊಂಡು ಹೋದರೆ ಪುಣ್ಯ.

ಲಂಡನ್ನಿನ ಕೌಂಟಿ ಕೌನ್ಸಿಲ್ ಪೂರ್ವದ ಹೊಲ, ತರಕಾರಿ ತೋಟಗಳನ್ನು ಸ್ವಾಧೀನ ಮಾಡಿಕೊಂಡು ಬೆಕಂಟ್ರಿ ಶುರು ಮಾಡಿತು. ಮೊದಲ ಮನೆಗಳು 1921ರಲ್ಲಿ ತಯಾರಾದವು. 1935ರ ಹೊತ್ತಿಗೆ ಸುಮಾರು 26,000 ಮನೆ, ಒಂದು ಲಕ್ಷದಷ್ಟು ಜನ. ಇಟ್ಟಿಗೆ, ಮರ ತರಲು ಥೇಮ್ಸ್ ನದಿಗೆ ಒಂದು ಕಟ್ಟೆ ಕಟ್ಟಿ, ಅಲ್ಲಿಂದ ತಾತ್ಕಾಲಿಕ ರೈಲು ಹಳಿ ಎಳೆದಿದ್ದರು. ಕೆಲಸ ಮುಗಿದ ಮೇಲೆ ಹಳಿ ಕಿತ್ತರು. ವ್ಯಾಲೆನ್ಸ್ ಅವೆನ್ಯೂ ಎಂಬ ರಸ್ತೆ ಉಳಿದವಕ್ಕಿಂತ ಅಗಲ ಇದೆ, ನಡುವೆ ರೈಲು ಓಡುತ್ತಿದ್ದ ಗುರುತು ಅದು.

ನನಗೆ ವಿಚಿತ್ರ ಅನಿಸಿದ್ದು ಬೇರೆ. ನಮ್ಮ ಮುನಿರಾಬಾದಿನಲ್ಲಿ ಮೊದಲು ಕೆಲಸ ಬಂತು, ಅದಕ್ಕಾಗಿ ಕ್ವಾರ್ಟರ್ಸ್ ಬಂತು. 1945ರಲ್ಲಿ ತುಂಗಭದ್ರಾ ಡ್ಯಾಮಿಗೆ ಅಡಿಗಲ್ಲು ಬಿತ್ತು. ಈಚೆ ದಡ ಹೈದರಾಬಾದ್ ಸಂಸ್ಥಾನ, ಆಚೆ ದಡ ಮದ್ರಾಸ್ ಪ್ರಾಂತ್ಯ, ಎರಡೂ ಕಡೆ ಅಡಿಗಲ್ಲು. ಬೆಕಂಟ್ರಿಯಲ್ಲಿ ಉಲ್ಟಾ. ಮನೆ ಸಾವಿರಗಟ್ಟಲೆ ಎದ್ದಿತು, ಕೆಲಸ ಹತ್ತಿರದಲ್ಲಿ ಇರಲಿಲ್ಲ. ಗಂಡಸರು ಬೆಳಿಗ್ಗೆ ರೈಲು ಹಿಡಿದು ಹಳೆಯ ಲಂಡನ್ನಿಗೇ ಹೋಗಬೇಕು. ಮಕ್ಕಳು ಜಾಸ್ತಿ, ಶಾಲೆ ಸಾಲದು. ಫೋರ್ಡ್ ಕಂಪನಿಯ ಕಾರ್ಖಾನೆ ಡಾಗೆನ್‌ಹ್ಯಾಮ್‌ನ ನದಿ ದಂಡೆಯಲ್ಲಿ ಶುರುವಾಗಿದ್ದು 1931ರಲ್ಲಿ. ಡಿಸ್ಟ್ರಿಕ್ಟ್ ಲೈನ್ ರೈಲು ಅಲ್ಲಿಯವರೆಗೆ ಬಂದದ್ದು 1932ರಲ್ಲಿ. ಅಲ್ಲಿಯವರೆಗೆ ಹತ್ತು ವರ್ಷ ಜನ ಹೇಗೋ ತೂಗಿಸಿದರು.

ಪರೀಕ್ಷೆಗೆ ಬೇಕಾಗಬಹುದು, ಇನ್ನೊಂದು ಹೇಳಿಬಿಡುತ್ತೇನೆ. ಅದೇ ಫೋರ್ಡ್ ಕಾರ್ಖಾನೆಯಲ್ಲಿ ಕಾರಿನ ಸೀಟಿನ ಗೌಸು ಹೊಲಿಯುತ್ತಿದ್ದ ಹೆಂಗಸರು 1968ರಲ್ಲಿ ಮುಷ್ಕರ ಹೂಡಿದರು. ನಮ್ಮದು ಕುಶಲ ಕೆಲಸ, ಹಾಗಂತ ಲೆಕ್ಕ ಹಾಕಿ ಅಂತ. 1970ರ ಸಮಾನ ವೇತನ ಕಾನೂನಿಗೆ ಅದೇ ದಾರಿಯಾಯಿತು. ಅಲ್ಲಿ ಕಾರು ಜೋಡಿಸುವುದು 2002ಕ್ಕೆ ನಿಂತಿತು.

ನಮ್ಮೂರಲ್ಲಿ ಸರ್ಕಾರದ ಮನೆ ಹಂಚುವಾಗ ಪಟ್ಟಿಯಲ್ಲಿ ನನ್ನ ಹೆಸರು ಎರಡು ಸಲ ಬಂದು ಎರಡು ಸಲ ಮಾಯವಾಯಿತು. ಮೂರಂಕಣದ ಮನೆ ಇದ್ದವರಿಗೆ ಮನೆ ಸಿಕ್ಕಿತು. ಇಂಗ್ಲೆಂಡಿನಲ್ಲಿ ಬಡವರಿಗೇ ಕೊಟ್ಟರಾ? (ಗಾರೆ ಕೆಲಸದವರು, ಗಂಗಾವತಿ ತಾಲ್ಲೂಕು)

ಇಲ್ಲ ಅಣ್ಣಾ. ತೀರಾ ಬಡವರಿಗೆ ಕೊಡಲಿಲ್ಲ.

ಮನೆ ಚೆನ್ನಾಗಿತ್ತು, ಅದಕ್ಕೇ ಬಾಡಿಗೆಯೂ ಜಾಸ್ತಿ ಇತ್ತು. ಬಾಡಿಗೆ ತಪ್ಪದೆ ಕಟ್ಟುವವರಾ ಅಂತ ಮೊದಲೇ ನೋಡುತ್ತಿದ್ದರು. ಖಾಯಂ ಕೆಲಸ ಇದ್ದವರು, ಬಸ್ಸು-ರೈಲು ಓಡಿಸುವವರು, ಕಸುಬು ಬಲ್ಲವರು ಬಂದರು. ದಿನಗೂಲಿಯವರು ಹಳೆಯ ಗಲ್ಲಿಯಲ್ಲೇ ಉಳಿದರು. ಬಂದವರಲ್ಲೂ ಕೆಲವರು ಬಾಡಿಗೆ, ರೈಲಿನ ಚಾರ್ಜು ಎರಡನ್ನೂ ತೂಗಿಸಲಾರದೆ ಗಂಟುಮೂಟೆ ಕಟ್ಟಿಕೊಂಡು ವಾಪಸ್ ಹೋದರು. ವೀರರಿಗೆ ತಕ್ಕ ಮನೆ ಅಂದರು, ಸಂಬಳದ ಚೀಟಿ ಇದ್ದ ವೀರರಿಗೆ ಅಂತ ಬಾಯಿಬಿಟ್ಟು ಹೇಳಲಿಲ್ಲ.

ಮನೆ ಕಟ್ಟಲು ಖಜಾನೆಯಿಂದ ಕೊಡುತ್ತಿದ್ದ ಸಹಾಯಧನಕ್ಕೆ 1921ರಲ್ಲೇ ಸರ್ಕಾರ ಕತ್ತರಿ ಹಾಕಿತು. 1924ರಲ್ಲಿ ಲೇಬರ್ ಸರ್ಕಾರದ ಸಚಿವ ಜಾನ್ ವೀಟ್ಲಿ ಇನ್ನೊಂದು ಕಾನೂನು ತಂದು ಮತ್ತೆ ಶುರು ಮಾಡಬೇಕಾಯಿತು.

ನಿಮ್ಮ ಪಟ್ಟಿಯ ವಿಷಯ. ಅರ್ಜಿಯ ಪ್ರತಿ, ಸ್ವೀಕೃತಿ ಚೀಟಿ ಎರಡೂ ಇದ್ದರೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಎರಡೂ ವರ್ಷದ ಪಟ್ಟಿಯ ನಕಲು ಕೇಳಿ, ಗ್ರಾಮಸಭೆಯ ನಡಾವಳಿಯನ್ನೂ ಕೇಳಿ. ಬರೆಯಲು ಕಷ್ಟವಾದರೆ ಪತ್ರಿಕೆಯ ವಿಳಾಸಕ್ಕೆ ಕಳಿಸಿ, ನಾನು ಬರೆದುಕೊಡುತ್ತೇನೆ.

ಅಕ್ಕೋರೆ, ಎಲ್ಲಾ ಮನೆ ಒಂದೇ ತರ ಅಂತೀರಿ. ಬೇಜಾರಾಗಲ್ವಾ? ಮನೆ ಅಂದ್ರೆ ನಮ್ದು ಅನ್ನೋ ಗುರುತು ಬೇಡ್ವಾ? (ಗೃಹಿಣಿ, ಯಲಬುರ್ಗಾ)

ಈ ಪ್ರಶ್ನೆಗೆ ಕಾಯುತ್ತಿದ್ದೆ. ನಾನು ಹುಟ್ಟಿ ಬೆಳೆದದ್ದೇ ಒಂದೇ ತರದ ಮನೆಗಳ ಸಾಲಿನಲ್ಲಿ.

ಅಪ್ಪ ಪ್ರಾಜೆಕ್ಟಿನಲ್ಲಿ ವರ್ಕ್ ಇನ್ಸ್‌ಪೆಕ್ಟರ್. ನಮ್ಮದು ಕೊನೆಯ ಟೈಪಿನ ಕ್ವಾರ್ಟರ್ಸ್. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಕಾಂಪೌಂಡು. ಗೋಡೆಗೆ ಇಲಾಖೆಯ ಹಳದಿ, ಬಾಗಿಲಿಗೆ ಇಲಾಖೆಯ ಹಸಿರು. ಮೊಳೆ ಹೊಡೆಯಬಾರದು, ಶೆಡ್ ಹಾಕಬಾರದು, ದನ ಕಟ್ಟಬಾರದು. ನಮ್ಮ ಮನೆಯಲ್ಲಿ ಒಂದು ಎಮ್ಮೆ ಇತ್ತು. ಸಾಹೇಬರು ನೋಡಲು ಬರುತ್ತಾರೆ ಅಂತ ಸುದ್ದಿ ಬಂದರೆ ಅವ್ವ ಅದನ್ನು ಹಿಂದಿನ ಸಾಲಿಗೆ ಹೊಡೆಯುತ್ತಿದ್ದಳು. ಸಾಹೇಬರು ಹಿಂದಿನ ಸಾಲಿಗೆ ಹೋದರೆ ಅವರ ಎಮ್ಮೆ, ನಮ್ಮ ಎಮ್ಮೆ ಎರಡೂ ಈಚೆ ಬರುತ್ತಿದ್ದವು. ಸಾಹೇಬರ ಮನೆಗೆ ಹಾಲು ಹೋಗುತ್ತಿದ್ದದ್ದೂ ಅದೇ ಎಮ್ಮೆಯದು. ಅವರಿಗೆ ಗೊತ್ತಿರಲಿಲ್ಲ ಅಂತ ನಾನು ಯಾವತ್ತೂ ನಂಬಿಲ್ಲ.

ಬೆಕಂಟ್ರಿಯಲ್ಲೂ ಕೌನ್ಸಿಲ್ ಒಂದು ನಿಯಮದ ಪುಸ್ತಕ ಕೊಡುತ್ತಿತ್ತು. ಕಿಟಕಿಯ ಗಾಜು ವಾರಕ್ಕೊಮ್ಮೆ ಒರೆಸಿ, ಮುಂದಿನ ತೋಟ ಅಚ್ಚುಕಟ್ಟಾಗಿ ಇಡಿ, ಬೇಲಿ ಹದ್ದುಮೀರಿ ಬೆಳೆಯದಿರಲಿ. ಚೆಂದದ ತೋಟಕ್ಕೆ ವರ್ಷಕ್ಕೊಮ್ಮೆ ಬಹುಮಾನ. ಹೆಂಡದಂಗಡಿಗಳನ್ನೂ ಬೆರಳೆಣಿಕೆಯಷ್ಟಕ್ಕೇ ಬಿಟ್ಟಿದ್ದರು. ಮನೆ ಕೊಟ್ಟವರಿಗೆ ಮನುಷ್ಯರನ್ನೂ ತಿದ್ದುವ ಆಸೆ ಬಂದೇ ಬರುತ್ತದೆ ಅಲ್ವಾ?

ಮಗಳ ಬೇಲಿಯಾಚೆ ಒಬ್ಬ ಅಜ್ಜಿ ಇದ್ದಾರೆ. ಎಂಬತ್ತು ದಾಟಿದೆ. ಹುಟ್ಟಿದ್ದು ಅದೇ ಮನೆಯ ಮಹಡಿ ಕೋಣೆಯಲ್ಲಿ. ಮಾತು ಶುರುವಾದರೆ ನನ್ನ ಟೀಚರ್ ಇಂಗ್ಲಿಷು ಅರ್ಧಕ್ಕೇ ಸುಸ್ತಾಗುತ್ತಿತ್ತು, ಅವರ ಉಚ್ಚಾರ ಹಾಗೆ. ಅಪರಿಚಿತರನ್ನೂ "ಲವ್" ಅಂತ ಕರೆಯುತ್ತಾರೆ. ಮೊದಲ ದಿನ ಗಾಬರಿಯಾಯಿತು, ಆಮೇಲೆ ನಮ್ಮ "ಯವ್ವಾ" ಇದ್ದ ಹಾಗೆ ಅಂತ ಸಮಾಧಾನ ಮಾಡಿಕೊಂಡೆ. ಅವರ ಅಪ್ಪ ಪಾಪ್ಲರ್ ಎಂಬ ಹಡಗುಕಟ್ಟೆಯ ಕೇರಿಯಿಂದ ಬಂದವರು. ಬಂದ ವರ್ಷವೇ ಮುಂದಿನ ತೋಟದಲ್ಲಿ ಹೂವಿನ ಬದಲು ಅವರೆ ಜಾತಿಯ ಬಳ್ಳಿ ಹಬ್ಬಿಸಿದರಂತೆ. ಬಾಡಿಗೆ ವಸೂಲಿಗೆ ಬಂದವನು ನೋಡಿ, ಇದು ಹಿಂದುಗಡೆ ಇರಬೇಕಾದದ್ದು ಅಂದನಂತೆ. ಇವರು ಕಿತ್ತು ಹಿಂದೆ ಹಾಕಿದರು. ಮುಂದೆ ಗುಲಾಬಿ ಹಾಕಿದರು. ಮೂರನೇ ವರ್ಷ ಗುಲಾಬಿಗೆ ಬಹುಮಾನ ಬಂತು. ಆ ಸರ್ಟಿಫಿಕೇಟು ಬಿಸ್ಕತ್ತಿನ ಡಬ್ಬಿಯಲ್ಲಿ ಇನ್ನೂ ಇದೆ, ಬಾಡಿಗೆಯ ಪುಸ್ತಕದ ಜೊತೆ. "ಅಪ್ಪನಿಗೆ ಗುಲಾಬಿ ಕಂಡರೆ ಆಗುತ್ತಿರಲಿಲ್ಲ" ಅಂತ ಅಜ್ಜಿ ನಗುತ್ತಾರೆ.

ಹಾಗಾಗಿ ತಂಗೀ, ಒಂದೇ ತರ ಅನ್ನುವುದು ರಸ್ತೆಯಲ್ಲಿ ಹೋಗುವವರ ಕಣ್ಣಿಗೆ. ಒಂದು ಕೋಣೆಯಲ್ಲಿ ಏಳು ಜನ ಮಲಗಿ ಬಂದವರಿಗೆ ಪಕ್ಕದ ಮನೆಯೂ ಹೀಗೇ ಇದೆ ಅನ್ನುವುದು ದೊಡ್ಡ ದೂರಲ್ಲ. ನಮ್ಮದೇ ಪಾಯಿಖಾನೆ, ನಮ್ಮದೇ ಸ್ನಾನದ ತೊಟ್ಟಿ, ಒಳಗಿನಿಂದ ಚಿಲಕ. ಅಜ್ಜಿಯ ಅಮ್ಮ ಮೊದಲ ವಾರ ಸುಮ್ನೆ ನಲ್ಲಿ ತಿರುಗಿಸಿ ನಿಲ್ಲಿಸಿ ನೋಡುತ್ತಿದ್ದರಂತೆ.

ಗುರುತಿನ ವಿಷಯಕ್ಕೆ ಒಂದು ಮಜಾ ಕೇಳಿ. ಆ ಮನೆಗಳಲ್ಲಿ ಎರಡು ಜಾತಿ, ಪಾರ್ಲರ್ ಇದ್ದದ್ದು, ಇಲ್ಲದ್ದು. ಬ್ಯೂಟಿ ಪಾರ್ಲರ್ ಅಲ್ಲ. ರಸ್ತೆ ಕಡೆಗೆ ಒಂದು ಪುಟ್ಟ ಕೋಣೆ, ಬಂದವರನ್ನು ಕೂರಿಸಲು. ದಿನನಿತ್ಯ ಬಳಸುವುದಿಲ್ಲ. ಅಷ್ಟು ಜಾಗ ವರ್ಷಪೂರ್ತಿ ಖಾಲಿ ಬಿಡುವುದು ದಂಡ, ಒಂದೇ ದೊಡ್ಡ ಕೋಣೆ ಸಾಕು ಅಂತ ಕೆಲವು ಆರ್ಕಿಟೆಕ್ಟರ ವಾದ. ಸರ್ಕಾರ 1918ರಲ್ಲಿ ಹೆಂಗಸರದೇ ಒಂದು ಉಪಸಮಿತಿ ಮಾಡಿ, ಮನೆ ಹೇಗಿರಬೇಕು ಅಂತ ದುಡಿಯುವ ಹೆಂಗಸರನ್ನೇ ಕೇಳಿಸಿತು. ಅವರು ಬೇಡಿದ್ದರಲ್ಲಿ ಮುಖ್ಯವಾದದ್ದು ಪಾರ್ಲರ್. ನೆಂಟರು ಬಂದಾಗ ಒಲೆ, ಒದ್ದೆ ಬಟ್ಟೆ, ಮಕ್ಕಳ ಮೂಗು ಎಲ್ಲಾ ಕಾಣಬಾರದು. ನಿಮ್ಮ ಪಡಸಾಲೆಯಲ್ಲಿ ಹೊಸ ಜಮಖಾನೆ ಯಾವಾಗ ಹಾಸುತ್ತೀರಿ, ಯೋಚನೆ ಮಾಡಿ. ದಂಡದ ಕೋಣೆ ಯಾಕೆ ಬೇಕು ಅಂತ ಗೊತ್ತಾಗುತ್ತದೆ.

ನಾನು ಹಟ್ಟಿ ಗಣಿಯಲ್ಲಿ ದುಡಿದವನು. ಕ್ಯಾಂಪಿನ ಮನೆಯಲ್ಲಿ 31 ವರ್ಷ ಇದ್ದೆ. ರಿಟೈರ್ ಆದ ಮೇಲೆ ಬೀಗದ ಕೈ ಕೊಟ್ಟು ಬಂದೆ. ಇಂಗ್ಲೆಂಡಿನಲ್ಲಿ ಬಾಡಿಗೆಗೆ ಇದ್ದವರಿಗೇ ಮನೆ ಮಾರಿದರಂತೆ, ಹೌದಾ? (ನಿವೃತ್ತ ಕಾರ್ಮಿಕ, ಲಿಂಗಸುಗೂರು ತಾಲ್ಲೂಕು)

ಹೌದು ಅಣ್ಣಾರೆ. ಮಾರ್ಗರೆಟ್ ಥ್ಯಾಚರ್ ಸರ್ಕಾರದ 1980ರ ಕಾನೂನು. ಕೌನ್ಸಿಲ್ ಮನೆಯಲ್ಲಿ ಮೂರು ವರ್ಷ ಬಾಡಿಗೆಗೆ ಇದ್ದರೆ ಅದನ್ನು ಕೊಳ್ಳುವ ಹಕ್ಕು. ಪೇಟೆಯ ಬೆಲೆಯಲ್ಲಿ ನೂರಕ್ಕೆ 33 ಸೋಡಿ. ಮೂರರ ಮೇಲೆ ಇದ್ದ ಒಂದೊಂದು ವರ್ಷಕ್ಕೆ ಒಂದೊಂದು ಪರ್ಸೆಂಟ್ ಜಾಸ್ತಿ, 50ರವರೆಗೆ. ಲೆಕ್ಕ ಹಾಕಿ, ನಿಮ್ಮ 31 ವರ್ಷಕ್ಕೆ ಅರ್ಧ ಬೆಲೆಗೇ ಬರುತ್ತಿತ್ತು. ಇಂಗ್ಲೆಂಡಿನಲ್ಲಿ ಹೀಗೆ ಮಾರಿದ ಮನೆ ಸುಮಾರು 20 ಲಕ್ಷ.

ಬೇಲಿಯಾಚೆಯ ಅಜ್ಜಿಯೂ, ಅವರ ಗಂಡನೂ ಕೊಂಡರು. ಕಾಗದ ಕೈಗೆ ಬಂದ ವಾರವೇ ಮೊದಲು ಬದಲಾಯಿಸಿದ್ದು ಬಾಗಿಲು. ಹಳೆಯದು ಗಟ್ಟಿಯಾಗೇ ಇತ್ತು. ಆದರೆ ಅದರ ಬಣ್ಣ ಕೌನ್ಸಿಲ್ ಆರಿಸಿದ್ದು. ಇವರು ಕಡು ಕೆಂಪು ಬಣ್ಣದ, ಹಿತ್ತಾಳೆ ಹಿಡಿಯ ಬಾಗಿಲು ಹಾಕಿಸಿದರು. ಬೆಕಂಟ್ರಿಯ ಯಾವ ರಸ್ತೆಯಲ್ಲಿ ನಿಂತರೂ ಇದು ಕಾಣುತ್ತದೆ. ಒಂದೇ ಸಾಲಿನ ಆರು ಮನೆಯಲ್ಲಿ ಒಂದಕ್ಕೆ ಹೊಸ ಬಾಗಿಲು, ಒಂದಕ್ಕೆ ಮುಂದೆ ಪುಟ್ಟ ಪೋರ್ಟಿಕೊ, ಒಂದಕ್ಕೆ ಇಟ್ಟಿಗೆ ಮುಚ್ಚಿ ನಕಲಿ ಕಲ್ಲಿನ ಹೊದಿಕೆ. ಬೇಲಿ ಕಿತ್ತು ಕಾರು ನಿಲ್ಲಿಸಲು ಕಾಂಕ್ರೀಟು ಹಾಕಿದವರೂ ಇದ್ದಾರೆ. ಪಂಡಿತರು ಇದನ್ನು ಅಂದಗೆಟ್ಟದ್ದು ಅನ್ನುತ್ತಾರೆ. ನಕಲಿ ಕಲ್ಲಿನ ವಿಷಯದಲ್ಲಿ ನಾನೂ ಪಂಡಿತರ ಕಡೆ. ಬಾಗಿಲಿನ ವಿಷಯದಲ್ಲಿ ಅಜ್ಜಿಯ ಕಡೆ.

ಆದರೆ ಇದರ ಇನ್ನೊಂದು ಮುಖ ಕೇಳಿ. ಮಾರಿದ ಮನೆಗಳ ಬದಲಿಗೆ ಹೊಸದನ್ನು ಅಷ್ಟೇ ಸಂಖ್ಯೆಯಲ್ಲಿ ಕಟ್ಟಲಿಲ್ಲ. ಬಂದ ದುಡ್ಡು ಬಳಸಲು ಕೌನ್ಸಿಲ್‌ಗಳ ಕೈ ಕಟ್ಟಿದ್ದರು. ಕೊಂಡವರು ಮುಂದೆ ಮಾರಿದರು, ಅವರಿಂದ ಕೊಂಡವರು ಬಾಡಿಗೆಗೆ ಬಿಟ್ಟರು. ನನ್ನ ಮಗಳ ಮನೆ ಹಾಗೆ ಬಂದದ್ದು. ಗೋಡೆ ಒಂದೇ, ಸೂರು ಒಂದೇ. ಒಂದು ಪಕ್ಕದವರು ಇನ್ನೂ ಕೌನ್ಸಿಲ್‌ಗೆ ಬಾಡಿಗೆ ಕಟ್ಟುತ್ತಾರೆ. ಮಗಳು ಮಾಲೀಕನಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ಕಟ್ಟುತ್ತಾಳೆ. ಕಟ್ಟಿದ್ದು ಜನರ ತೆರಿಗೆಯಲ್ಲಿ, ಈಗ ದುಡ್ಡು ಹೋಗುವುದು ಯಾರದೋ ಜೇಬಿಗೆ.

ಮಲಗುವ ಕೋಣೆಯ ಗೋಡೆಗೆ ಕಪ್ಪು ಬೂಷ್ಟು ಬಂದಿತ್ತು. ಬಾಡಿಗೆ ನೋಡಿಕೊಳ್ಳುವ ಏಜೆಂಟನಿಗೆ ಮಗಳು ಫೋಟೊ ಕಳಿಸಿದಳು. ಅವನು ಬಂದು ಗೋಡೆ ನೋಡಲಿಲ್ಲ, ಅಡುಗೆಮನೆ ನೋಡಿದ. ಅನ್ನ, ಬೇಳೆ ಜಾಸ್ತಿ ಕುದಿಸುತ್ತೀರಿ, ಹಬೆ ಕೂರುತ್ತದೆ ಅಂದ. ಬಾಣಂತಿಯ ಮನೆಯಲ್ಲಿ ನೀರು ಕಾಯಿಸಬೇಡಿ ಅನ್ನುವವನಿಗೆ ಏನು ಹೇಳುವುದು? ಎರಡು ತಿಂಗಳ ಮೇಲೆ ಮೇಸ್ತ್ರಿ ಬಂದು ಹೊರಗಿನ ಮಳೆನೀರಿನ ಪೈಪು ಒಡೆದಿದ್ದನ್ನು ತೋರಿಸಿದ. ಗಾರೆ ಕೆಲಸದವರ ಮಾತು ನಾನು ಯಾವಾಗಲೂ ಮೊದಲು ಕೇಳುತ್ತೇನೆ.

ಸ್ಕಾಟ್ಲೆಂಡ್ 2016ರಲ್ಲಿ, ವೇಲ್ಸ್ 2019ರಲ್ಲಿ ಈ ಮಾರಾಟ ನಿಲ್ಲಿಸಿದವು. ನಿಮ್ಮ ಕ್ಯಾಂಪಿನ ಮನೆಯನ್ನು ನಿಮಗೆ ಮಾರಬೇಕಿತ್ತಾ ಅಂತ ನೀವು ನೇರವಾಗಿ ಕೇಳಿಲ್ಲ, ಆದರೆ ಕಾಗದದಲ್ಲಿ ಆ ಪ್ರಶ್ನೆ ಇದೆ. ನಿಮಗೆ ಮಾರಿದ್ದರೆ ಈಗ ಗಣಿಗೆ ಇಳಿಯುವ ಹುಡುಗ ಎಲ್ಲಿ ಇರಬೇಕಿತ್ತು? ಮಾರದೆ ಇದ್ದದ್ದಕ್ಕೆ ನೀವು ಎಲ್ಲಿಗೆ ಹೋದಿರಿ? ಎರಡೂ ಕಡೆ ನನ್ನ ಮನಸ್ಸು ಎಳೆಯುತ್ತದೆ. ಅಪ್ಪ ರಿಟೈರ್ ಆದ ದಿನ ಅವ್ವ ಕರಿಬೇವಿನ ಗಿಡದ ಬುಡಕ್ಕೆ ಒಂದು ಕೊಡ ನೀರು ಹಾಕಿ ಕ್ವಾರ್ಟರ್ಸ್ ಬಿಟ್ಟಳು. ಹೊಸಬರು ಅದನ್ನು ಕಡಿದರು.

ನಮ್ಮ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯವರು ಕಟ್ಟಿದ ಹಾಗೆ, ಕಂಪನಿಯೇ ಊರು ಕಟ್ಟಿದ್ದು ಅಲ್ಲಿ ಇದೆಯೇ? (ಓದುಗ, ಸಂಡೂರು ತಾಲ್ಲೂಕು)

ಕೌನ್ಸಿಲ್‌ಗಳಿಗಿಂತ ಮೊದಲು ಕಟ್ಟಿದವರೇ ಕಂಪನಿಯವರು. ಸನ್‌ಲೈಟ್ ಸೋಪಿನ ವಿಲಿಯಂ ಲಿವರ್ 1888ರಲ್ಲಿ ಪೋರ್ಟ್ ಸನ್‌ಲೈಟ್ ಶುರು ಮಾಡಿದರು. ಸೋಪಿನ ಹೆಸರೇ ಊರಿಗೆ. ಮನೆ ಕಾರ್ಖಾನೆಯವರಿಗೆ ಮಾತ್ರ, ಕೆಲಸ ಹೋದರೆ ಮನೆಯೂ ಹೋಯಿತು. ಚಾಕೊಲೇಟಿನ ಜಾರ್ಜ್ ಕ್ಯಾಡ್ಬರಿ ಬರ್ಮಿಂಗ್‌ಹ್ಯಾಮ್ ಹೊರಗೆ ಬೋರ್ನ್‌ವಿಲ್ ಕಟ್ಟಿದ್ದು 1895ರಿಂದ. ಅವರು ಹೊರಗಿನವರಿಗೂ ಕೊಟ್ಟರು, 1900ರಲ್ಲಿ ಎಲ್ಲವನ್ನೂ ಒಂದು ಟ್ರಸ್ಟಿಗೆ ಬರೆದು ಕೈ ತೊಳೆದುಕೊಂಡರು. ಪ್ರತಿ ಮನೆಗೆ ಹಣ್ಣಿನ ಗಿಡ, ಊರಲ್ಲಿ ಹೆಂಡದಂಗಡಿ ಇಲ್ಲ. ಕ್ಯಾಡ್ಬರಿ ಮನೆತನ ಕುಡಿತ ಒಪ್ಪದ ಕ್ವೇಕರ್ ಪಂಥದವರು. ಕಬ್ಬಿಣದ ಧೂಳಿನ ಬದಲು ಅಲ್ಲಿ ಕೋಕೊ ವಾಸನೆ. ಅದೃಷ್ಟ.

ತುಂಗಭದ್ರೆಯ ಹಿನ್ನೀರಿನಲ್ಲಿ ನಮ್ಮ ಹಿರಿಯರ ನಾರಾಯಣದೇವರಕೆರೆ ಮುಳುಗಿತು. ನೀವು ಡ್ಯಾಮಿನ ದಂಡೆಯಲ್ಲೇ ಕೂತು ಇಂಗ್ಲೆಂಡಿನ ಬೇಲಿ ವರ್ಣಿಸುತ್ತೀರಿ. (ಮರಿಯಮ್ಮನಹಳ್ಳಿ)

ಹೆಸರು ಹಾಕಿಲ್ಲ, ಆದರೂ ಕಾಗದವನ್ನು ಎರಡು ಸಲ ಓದಿದೆ. ನಿಮ್ಮ ಸಿಟ್ಟು ನ್ಯಾಯ. ನಾನು ಓಡಾಡಿದ ಕ್ವಾರ್ಟರ್ಸು ಇದ್ದದ್ದು ನಿಮ್ಮ ಊರು ಹೋದದ್ದಕ್ಕೆ.

ಬೆಕಂಟ್ರಿಯಲ್ಲೂ ಹೊಲ ಹೋದವು, ರೈತರು ಎದ್ದರು. ಆದರೆ ವ್ಯಾಲೆನ್ಸ್ ಹೌಸ್ ಎಂಬ ಹಳೆಯ ದೊಡ್ಡ ಮನೆ ಎಸ್ಟೇಟಿನ ನಡುವೆ ಹಾಗೇ ಉಳಿದಿದೆ, ಈಗ ಮ್ಯೂಸಿಯಂ. ಮೊದಲು ಇಲ್ಲಿ ಏನಿತ್ತು ಅಂತ ಹೋಗಿ ನೋಡಬಹುದು. ನೀರಿನಡಿ ಇದ್ದದ್ದನ್ನು ಯಾರು ತೋರಿಸುತ್ತಾರೆ? ಇವೆರಡನ್ನು ಪಕ್ಕಪಕ್ಕ ಇಡಲು ಬರುವುದಿಲ್ಲ, ಇಡುವುದೂ ಇಲ್ಲ.

ಒಂದು ಮಾತ್ರ ಹೇಳುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕಿತ್ತುಹೋದಾಗ ನಾನು ಬೆಕಂಟ್ರಿಯಲ್ಲಿದ್ದೆ. ಅಲ್ಲಿ ಇನ್ನೂ ಸಂಜೆ ಬೆಳಕಿತ್ತು. ನನ್ನ ತಮ್ಮ ಫೋನಿನಲ್ಲಿ ನೀರು ನುಗ್ಗುವುದನ್ನು ತೋರಿಸಿದ. ನಾನು ಹಿಂದಿನ ತೋಟದಲ್ಲಿ ನಿಂತು ಅತ್ತೆ. ಅಜ್ಜಿ ಬೇಲಿಯಾಚೆಯಿಂದ ಏನಾಯಿತು ಅಂತ ಕೇಳಿದರು. ನಮ್ಮ ಡ್ಯಾಂ ಅಂದೆ. ನಿಮ್ಮದಾ ಅಂತ ಕೇಳಿದರು. ಹೌದು ಅಂದೆ. ನಿಮ್ಮ ಕಾಗದ ಓದಿದ ಮೇಲೆ, ಆ "ನಮ್ಮ" ಅನ್ನುವುದರಲ್ಲಿ ನಿಮ್ಮವರು ಎಲ್ಲಿದ್ದಾರೆ ಅಂತ ಯೋಚಿಸುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಹಳೆಯ ಊರಿನ ಬಗ್ಗೆ ಹೇಳುವ ಹಿರಿಯರು ಇದ್ದರೆ ತಿಳಿಸಿ. ಬಂದು ಕೂತು ಕೇಳಿ ಬರೆಯುತ್ತೇನೆ. ಮರಿಯಮ್ಮನಹಳ್ಳಿಗೆ ಬಸ್ಸಿದೆ.

ಅಲ್ಲಿ ಸೂರು ಇಳಿಜಾರು ಅಂದಿರಿ. ಹಪ್ಪಳ-ಸಂಡಿಗೆ ಎಲ್ಲಿ ಒಣಗಿಸುತ್ತಾರೆ? ನಾನು ಸೊಸೆಗೆ ಹಿಟ್ಟು ಕಳಿಸಬೇಕೋ, ಸಂಡಿಗೆಯನ್ನೇ ಕಳಿಸಬೇಕೋ? (ಮಾನ್ವಿ)

ಸಂಡಿಗೆಯನ್ನೇ ಕಳಿಸಿ. ಮಾಳಿಗೆ ಇಲ್ಲ, ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ಬೇಲಿಯ ಮೇಲೆ ಬಟ್ಟೆ ಹರವಿ ನೋಡಿದೆ, ಅಳಿಲು ಬಂದು ರುಚಿ ನೋಡಿತು. ಕೊನೆಗೆ ಕೋಣೆ ಬಿಸಿ ಮಾಡುವ ಕಬ್ಬಿಣದ ಹೀಟರಿನ ಮೇಲೆ ತಟ್ಟೆಯಲ್ಲಿಟ್ಟು ಮೂರು ದಿನ ಒಣಗಿಸಿದೆ. ಎತ್ತಿದರೆ ಒಂದಿಷ್ಟು ಬಳುಕುತ್ತಿದ್ದವು. ಕರಿದ ಮೇಲೆ ಯಾರಿಗೂ ಗೊತ್ತಾಗಲಿಲ್ಲ. ಅಜ್ಜಿ ಒಂದು ತಟ್ಟೆ ಪೂರ್ತಿ ತಿಂದರು, ಟೀ ಜೊತೆ.